ಎನರ್ಜಿಪ್ಲಸ್ ಕಾಣದ ಬಾಗಿಲು

ಮಲಗುವ ಕೋಣೆಯನ್ನು ಎ.ಸಿ. 25 ಡಿಗ್ರಿಯಲ್ಲಿ ಹಿಡಿದಿಟ್ಟಿದೆ, ಹಾಲ್‌ನಲ್ಲಿ 30, ನಡುವಿನ ಬಾಗಿಲು ಹಾರುಹೊಡೆದಿದೆ. ತಣ್ಣನೆಯ ಗಾಳಿ ಬಾಗಿಲ ಕೆಳಭಾಗದಿಂದ ಹೊರಗೆ ಹರಿಯುತ್ತದೆ, ಅಷ್ಟೇ ಬಿಸಿಗಾಳಿ ಮೇಲಿನಿಂದ ಒಳಗೆ ಬರುತ್ತದೆ. ಕೆನಡಾದ ಬ್ರೌನ್ ಮತ್ತು ಸಾಲ್ವಾಸನ್ 1962ರಲ್ಲೇ ಇದಕ್ಕೆ ಸೂತ್ರ ಕೊಟ್ಟರು. ಅದರಂತೆ 2 ಮೀಟರ್ ಎತ್ತರ, 90 ಸೆಂ.ಮೀ. ಅಗಲದ ಬಾಗಿಲಲ್ಲಿ ಗಂಟೆಗೆ ಸುಮಾರು 740 ಘನ ಮೀಟರ್ ಗಾಳಿ ಅದಲುಬದಲಾಗುತ್ತದೆ. ಒಳಬರುವ ಶಾಖ ಹೆಚ್ಚುಕಡಿಮೆ 1.2 ಕಿಲೋವ್ಯಾಟ್, ತೇವದ ಹೊರೆ ಇದರಲ್ಲಿ ಸೇರಿಲ್ಲ. ಒಂದು ಟನ್ ಎ.ಸಿ.ಯ ತಾಕತ್ತೇ 3.5 ಕಿಲೋವ್ಯಾಟ್.

ಕಟ್ಟಡಗಳ ಶಕ್ತಿಬಳಕೆಯನ್ನು ಲೆಕ್ಕ ಹಾಕಲು ಅಮೆರಿಕದ ಇಂಧನ ಇಲಾಖೆ 2001ರಲ್ಲಿ ಹೊರತಂದ ತಂತ್ರಾಂಶ ಎನರ್ಜಿಪ್ಲಸ್ ಈ ಬಾಗಿಲನ್ನು ಹೇಗೆ ಕಾಣುತ್ತದೆ? ಎರಡು ಕೋಣೆಗಳ ನಡುವೆ ‘ಏರ್‌ಬೌಂಡರಿ’ ಎಂದು ನಮೂದಿಸಿದರೆ ಬಿಸಿಲು, ಬೆಳಕು, ವಿಕಿರಣ ಎಲ್ಲವೂ ದಾಟುತ್ತವೆ. ಗಾಳಿ ಮಾತ್ರ ದಾಟುವುದಿಲ್ಲ! ಗಾಳಿಯ ವಿನಿಮಯಕ್ಕೆ ಮೊದಲೇ ತುಂಬಿಟ್ಟ ಉತ್ತರ ‘ಇಲ್ಲ’. ಅದನ್ನು ಬದಲಿಸಿದರೂ ಸಿಗುವ ಸಿದ್ಧ ಅಂಕಿ ಗಂಟೆಗೆ ಕೋಣೆಯ ಗಾಳಿ ಅರ್ಧ ಸಲ ಬದಲಾಗುವಷ್ಟು, ಅಂದರೆ 40 ಘನ ಮೀಟರಿನ ಕೋಣೆಗೆ 20 ಘನ ಮೀಟರ್. 740 ಎಲ್ಲಿ, 20 ಎಲ್ಲಿ? ‘ಝೋನ್‌ಮಿಕ್ಸಿಂಗ್’ ಎಂಬ ಇನ್ನೊಂದು ಸೌಲಭ್ಯ ಬಳಸಿದರೆ ಹರಿವನ್ನು ನಾವೇ ಬರೆದುಕೊಡಬೇಕು. ಆದರೆ ತಾಪದ ಅಂತರ ನಾಲ್ಕು ಪಟ್ಟಾದಾಗ ಹರಿವು ಇಮ್ಮಡಿಯಾಗಿ ಶಾಖ ಎಂಟು ಪಟ್ಟಾಗುತ್ತದೆ. ಈ ಏರಿಳಿತ ಒಂದು ಸ್ಥಿರ ಅಂಕಿಗೆ ಹೇಗೆ ದಕ್ಕೀತು?

ತಮಾಷೆಯೆಂದರೆ, ಇದೇ ತಂತ್ರಾಂಶದಲ್ಲಿ ಶೀತಲಗೃಹದ ಬಾಗಿಲಿಗೆ ಪ್ರತ್ಯೇಕ ವ್ಯವಸ್ಥೆಯಿದೆ. ಬಾಗಿಲಿನ ಎತ್ತರವೆಷ್ಟು, ವಿಸ್ತೀರ್ಣವೆಷ್ಟು, ಪಟ್ಟಿಪರದೆ ಇದೆಯೇ ಎಂದು ವಿಚಾರಿಸಿಕೊಂಡು, ಗಾಳಿಯ ಸಾಂದ್ರತೆಯ ವ್ಯತ್ಯಾಸದಿಂದ ಹರಿವನ್ನು ತಾನೇ ಲೆಕ್ಕ ಹಾಕುತ್ತದೆ. ಐಸ್‌ಕ್ರೀಮಿಗೆ ಸಿಕ್ಕ ಈ ಕಾಳಜಿ ಮನುಷ್ಯರು ಮಲಗುವ ಕೋಣೆಗೆ ಯಾಕಿಲ್ಲ?

ಇಡೀ ಕಟ್ಟಡದ ಗಾಳಿಯ ಹರಿವನ್ನು ಲೆಕ್ಕ ಹಾಕುವ ‘ಏರ್‌ಫ್ಲೋನೆಟ್‌ವರ್ಕ್’ ಇದರಲ್ಲೇ ಇದೆಯಲ್ಲ ಎನ್ನಬಹುದು. ಎರಡು ದಿಕ್ಕಿನ ಹರಿವನ್ನು ಅದು ಸರಿಯಾಗಿಯೇ ಬಿಡಿಸುತ್ತದೆ. ಆದರೆ ಒಂದು ಒಳಬಾಗಿಲಿಗಾಗಿ ಕಟ್ಟಡದ ಬಿರುಕು, ಕಿಟಕಿ, ಹೊರಗಾಳಿಯ ಒತ್ತಡ ಎಲ್ಲವನ್ನೂ ಒದಗಿಸಬೇಕು. ಗಡುವು ಹತ್ತಿರವಾದ ಸಲಹೆಗಾರ ಅತ್ತ ತಲೆಹಾಕುವುದಿಲ್ಲ.

ಹಳೆಯ ಸೂತ್ರದಲ್ಲೂ ಕೊರತೆಗಳಿವೆ. ಹರಿವಿನ ಗುಣಾಂಕವನ್ನು ನಾನಿಲ್ಲಿ 0.6 ಎಂದು ಹಿಡಿದಿದ್ದೇನೆ. ಅದು ಬದಲಾದರೆ ಉತ್ತರವೂ ಬದಲು. ನೆಲದಿಂದ ಸೂರಿನವರೆಗೆ ಗಾಳಿಯೆಲ್ಲ ಒಂದೇ ತಾಪದ್ದು ಎಂಬ ಊಹೆ ಬೇರೆ. ಇನ್ನು ನಮ್ಮ ಮನೆಗಳ ಸೀಲಿಂಗ್ ಫ್ಯಾನ್ ತಿರುಗತೊಡಗಿದರಂತೂ ಮೇಲೆ ಬಿಸಿ, ಕೆಳಗೆ ತಂಪು ಎಂಬ ಚಿತ್ರವೇ ಕದಡುತ್ತದೆ. ಇಷ್ಟಾದರೂ ಸೊನ್ನೆಗಿಂತ ಈ ಸೂತ್ರ ವಾಸಿ.

ಶೀತಲಗೃಹದ ವಿಧಾನವನ್ನೇ ತುಸು ತಿದ್ದಿ ಏರ್‌ಬೌಂಡರಿಗೆ ಮೂರನೆಯ ಆಯ್ಕೆಯಾಗಿ ಜೋಡಿಸಬಹುದಿತ್ತು. ಎತ್ತರ, ಅಗಲಗಳನ್ನು ಮತ್ತೆ ಕೇಳಬೇಕಾಗಿಯೂ ಇಲ್ಲ. ಬಾಗಿಲಿನ ಮೂಲೆಗಳನ್ನು ಗುರುತಿಸಿಕೊಟ್ಟಾಗಲೇ ಅವು ತಂತ್ರಾಂಶದ ಬಳಿ ಇರುತ್ತವೆ.