ನಿನ್ನಿ ಬಂದಾನ: ಜರ್ಮನ್ ಭೂತಕಾಲಕ್ಕೆ ಕೊಪ್ಪಳದ ದಾರಿ

ನಮ್ಮಲ್ಲಿ ಜರ್ಮನ್ ಕಲಿಸುವ ರೂಢಿ ಸಾಮಾನ್ಯವಾಗಿ ಒಂದೇ ಬಗೆಯದು: ಪಾಠ ಜರ್ಮನ್‌ನದು, ವಿವರಣೆ ಇಂಗ್ಲಿಷಿನದು. ಕಲಿಯುವವರು ಬೆಂಗಳೂರಿನವರಾಗಲಿ, ಯಲಬುರ್ಗಾದಲ್ಲಿ ಕೂತು ಮೊಬೈಲಿನಲ್ಲಿ ಪಾಠ ಕೇಳುವವರಾಗಲಿ, ಕ್ರಮ ಬದಲಾಗುವುದಿಲ್ಲ. ಬೇರೆ ಪಾಠಗಳಲ್ಲಿ ಇದರಿಂದ ದೊಡ್ಡ ಹಾನಿಯಿಲ್ಲ. ಮಾತಿನ ಭೂತಕಾಲದ ಪಾಠ, ಅಂದರೆ 'ಪರ್ಫೆಕ್ಟ್', ಬಂದಾಗ ಮಾತ್ರ ಈ ಕ್ರಮ ಕಲಿಯುವವರ ದಾರಿ ತಪ್ಪಿಸುತ್ತದೆ.

ತಪ್ಪುವುದು ಹೀಗೆ. 'ಇಶ್ ಹಾಬೆ ಗೆಗೆಸ್ಸೆನ್' ಎಂದರೆ 'ನಾನು ಊಟ ಮಾಡಿದೆ'. ಇಂಗ್ಲಿಷಿನ 'ಐ ಹ್ಯಾವ್ ಈಟನ್' ಇದರ ಅವಳಿಯಂತೆ ಕಾಣುತ್ತದೆ. ಶಿಕ್ಷಕರು ಅದನ್ನೇ ಪಕ್ಕದಲ್ಲಿಟ್ಟು ತೋರಿಸುತ್ತಾರೆ. ಆದರೆ ಇಂಗ್ಲಿಷಿನ ಆ ರೂಪ 'ನಿನ್ನೆ' ಎಂಬ ಮಾತನ್ನು ಸಹಿಸುವುದಿಲ್ಲ, ಜರ್ಮನ್ ಸಹಿಸುತ್ತದೆ. ನಿನ್ನೆ, ಹೋದ ವರ್ಷ, ಚಿಕ್ಕವಳಿದ್ದಾಗ, ಯಾವ ಕಾಲದ ಸಂಗತಿಯಾದರೂ ಜರ್ಮನ್ನರು ಮಾತಿನಲ್ಲಿ ಪರ್ಫೆಕ್ಟನ್ನೇ ಬಳಸುತ್ತಾರೆ. ಎರಡನೆಯ ಎಡವಟ್ಟು 'ಹೋದೆ' ಎನ್ನುವಾಗಿನದು. 'ಐ ಹ್ಯಾವ್ ಗಾನ್' ನೋಡಿದವರು 'ಇಶ್ ಹಾಬೆ ಗೆಗಾಂಗೆನ್' ಎಂದುಬಿಡುತ್ತಾರೆ. ಸರಿಯಾದದ್ದು 'ಇಶ್ ಬಿನ್ ಗೆಗಾಂಗೆನ್'. 'ಬಿನ್' ಎಂದರೆ 'ಇದ್ದೇನೆ'.

ಈಗ ನಮ್ಮ ಕಡೆಯ ಮಾತು ಕೇಳಿ. ಕುಷ್ಟಗಿಯ ಮನೆಯೊಂದರಲ್ಲಿ ಅಣ್ಣ ಯಾವಾಗ ಬಂದ ಎಂದು ಕೇಳಿದರೆ 'ನಿನ್ನಿನ ಬಂದಾನ' ಎನ್ನುತ್ತಾರೆ. ಬರವಣಿಗೆಯಲ್ಲಿ ಅದು 'ಬಂದಿದ್ದಾನೆ', ಬಿಡಿಸಿದರೆ 'ಬಂದು ಇದ್ದಾನೆ'. ಜರ್ಮನ್ ಕೂಡ ಇದನ್ನೇ ಹೇಳುತ್ತದೆ: 'ಎರ್ ಇಸ್ಟ್ ಗೆಸ್ಟರ್ನ್ ಗೆಕೊಮ್ಮೆನ್'. 'ಇಸ್ಟ್' ಇದ್ದಾನೆ, 'ಗೆಸ್ಟರ್ನ್' ನಿನ್ನೆ, 'ಗೆಕೊಮ್ಮೆನ್' ಬಂದು. 'ಅಂತ' ಎಂದು ಜೋಡಿಸುವ 'ದಾಸ್' ಮುಂದೆ ಸೇರಿದರೆ ಉಳಿದ ವಾಕ್ಯದ ಅನುಕ್ರಮವೂ ಕನ್ನಡದ್ದೇ ಆಗುತ್ತದೆ: 'ದಾಸ್ ಎರ್ ಗೆಸ್ಟರ್ನ್ ಗೆಕೊಮ್ಮೆನ್ ಇಸ್ಟ್', ಅವ ನಿನ್ನಿ ಬಂದು ಇದ್ದಾನ ಅಂತ. ಕ್ರಿಯಾಪದ ವಾಕ್ಯದ ಕೊನೆಗೆ ಹೋಗುವ ಈ ನಿಯಮಕ್ಕೆ ಇಂಗ್ಲಿಷ್ ಮೂಲಕ ಬಂದವರು ತಿಂಗಳುಗಟ್ಟಲೆ ಹೆಣಗುತ್ತಾರೆ. ಕನ್ನಡದ ಮಗುವಿಗೆ ಅದು ಹುಟ್ಟಿನಿಂದಲೇ ಬಂದಿದೆ.

ಈ ಹೋಲಿಕೆಗೂ ಮಿತಿಯಿದೆ, ಅದನ್ನು ಮುಚ್ಚಿಡಬಾರದು. ಕನ್ನಡದಲ್ಲಿ ಸಹಾಯಕ್ಕೆ ನಿಲ್ಲುವುದು 'ಇರು' ಒಂದೇ. ಜರ್ಮನ್‌ನಲ್ಲಿ ಹೆಚ್ಚಿನ ಕ್ರಿಯಾಪದಗಳಿಗೆ 'ಹಾಬೆನ್' ('ಹಾಬೆ'ಯ ಮೂಲರೂಪ) ಬೇಕು. ಜಾಗ ಬದಲಾದರೆ ಅಥವಾ ಸ್ಥಿತಿ ಬದಲಾದರೆ 'ಸೈನ್' ('ಬಿನ್', 'ಇಸ್ಟ್'ಗಳ ಮೂಲರೂಪ): ಹೋಗು, ಬರು, ಬೀಳು, ಏಳು, ಸಾಯು. ಜೊತೆಗೆ 'ಇರು', 'ಉಳಿ' ಎಂಬೆರಡು, ಅವುಗಳಲ್ಲಿ ಚಲನೆಯಿಲ್ಲದಿದ್ದರೂ. ಇದನ್ನು ಬಾಯಿಪಾಠ ಮಾಡದೆ ಗತ್ಯಂತರವಿಲ್ಲ. ನಮ್ಮ ಮಾತಿನಲ್ಲಿ 'ಬಂದ', 'ಹೋದ' ಎಂಬ ಸರಳ ರೂಪಗಳೂ ಜೀವಂತವಾಗಿವೆ. ಜರ್ಮನ್‌ನಲ್ಲಿ ಅಂಥ ರೂಪಗಳು ಹೆಚ್ಚಾಗಿ ಕಥೆ, ಪತ್ರಿಕೆಗಳ ಬರವಣಿಗೆಗೆ ಸೇರಿದವು. ದಕ್ಷಿಣ ಜರ್ಮನಿಯ ಮಾತಿನಲ್ಲಿ ಬಹುಮಟ್ಟಿಗೆ ಅಳಿದೇ ಹೋಗಿವೆ. ಮಾತಿನಲ್ಲೂ ಗಟ್ಟಿಯಾಗಿ ಉಳಿದವು 'ವಾರ್' (ಇದ್ದ), 'ಹಾಟ್ಟೆ' (ಅವನ ಬಳಿ ಇತ್ತು) ಮತ್ತು 'ಕೊಂಟೆ'ಯಂಥ (ಆಗುತ್ತಿತ್ತು) ಕೆಲವು.

ಜರ್ಮನಿಗೆ ಹೋಗುವ ನರ್ಸ್‌ಗೆ ಈ ಪಾಠ ಬರೀ ಪರೀಕ್ಷೆಯ ಅಂಕದ ಮಾತಲ್ಲ. ಅಲ್ಲಿ ನೋಂದಣಿಗೆ ಸಾಮಾನ್ಯವಾಗಿ ಬಿ2 ಮಟ್ಟದ ಭಾಷೆ ಕೇಳುತ್ತಾರೆ. ಪರ್ಫೆಕ್ಟ್ ಶುರುವಾಗುವುದು ಮೊದಲ ಮಟ್ಟವಾದ ಎ1ರಲ್ಲೇ. ಪಾಳಿ ಮುಗಿದಾಗ ಮುಂದಿನವರಿಗೆ ರೋಗಿಯ ಸ್ಥಿತಿ ಬಾಯಿಮಾತಿನಲ್ಲಿ ಒಪ್ಪಿಸಬೇಕು: ಅಜ್ಜಿ ರಾತ್ರಿ ಮಲಗಿದ್ದರು, 'ಹಾಟ್ ಗೆಷ್ಲಾಫೆನ್', ನೀರು ಕಡಿಮೆ ಕುಡಿದರು, 'ಹಾಟ್ ವೇನಿಗ್ ಗೆಟ್ರುಂಕೆನ್', ಬೆಳಗಿನ ಜಾವ ಬಿದ್ದರು, 'ಇಸ್ಟ್ ಗೆಫಾಲ್ಲೆನ್'. ಮಲಗು, ಕುಡಿ, ಬೀಳು, ಇವೆಲ್ಲ ಜರ್ಮನ್‌ನಲ್ಲಿ ಅನಿಯಮಿತ. ಕನ್ನಡದಲ್ಲೂ ಬೀಳು 'ಬಿದ್ದು', ಏಳು 'ಎದ್ದು', ಬರು 'ಬಂದು' ಆಗುತ್ತವಲ್ಲ? ದಿನಬಳಕೆಯ ಮಾತುಗಳೇ ಎಲ್ಲೆಡೆ ನಿಯಮ ಮುರಿಯುತ್ತವೆ ಎಂದು ಹೇಳಿಕೊಟ್ಟರೆ ಅರ್ಧ ಭಯ ಅಲ್ಲೇ ಹೋಗುತ್ತದೆ.

ಕನ್ನಡ–ಜರ್ಮನ್ ನಂಟು ಹೊಸದೇನಲ್ಲ. ಹರ್ಮನ್ ಮೊಗ್ಲಿಂಗ್ 1843ರಲ್ಲಿ ಮಂಗಳೂರಿನಿಂದ 'ಮಂಗಳೂರ ಸಮಾಚಾರ' ಪತ್ರಿಕೆ ತಂದರು. ಫರ್ಡಿನೆಂಡ್ ಕಿಟ್ಟೆಲ್ 1894ರಲ್ಲಿ ನಿಘಂಟು, 1903ರಲ್ಲಿ ವ್ಯಾಕರಣ ಕೊಟ್ಟರು; ಆ ವ್ಯಾಕರಣ ಹಳೆಯ, ನಡುವಿನ, ಹೊಸ ಕನ್ನಡ ಮೂರನ್ನೂ ಒಟ್ಟಿಗೆ ನೋಡಿತು. ಅವರು ನಮ್ಮ ಭಾಷೆಯನ್ನು ಒಳಗಿನಿಂದ ಅರಿಯಲು ಪಟ್ಟ ಶ್ರಮ ದೊಡ್ಡದು.

ಅವರ ಭಾಷೆ ಕಲಿಸುವ ನಮ್ಮವರು ಕನ್ನಡವನ್ನು ಬಾಗಿಲಾಚೆ ನಿಲ್ಲಿಸಬಾರದು. ಕೊಪ್ಪಳ, ಗಂಗಾವತಿಯ ಮಕ್ಕಳಿಗೆ ಜರ್ಮನ್ ಹೇಳಿಕೊಡುವ ಶಿಕ್ಷಕರಲ್ಲಿ ನನ್ನ ಕೋರಿಕೆ ಇಷ್ಟು: ಪರ್ಫೆಕ್ಟ್ ಪಾಠದ ದಿನ ಬೋರ್ಡಿನ ಮೇಲೆ ಮೊದಲು 'ನಿನ್ನಿ ಬಂದಾನ' ಎಂದು ಬರೆಯಿರಿ, ಜರ್ಮನ್ ವಾಕ್ಯವನ್ನು ಅದರ ಕೆಳಗೆ ಬರೆಯಿರಿ.