ಅಕ್ಕಿ, ಬೇಳೆ ಮತ್ತು ಥೇಲ್ಸ್‌ನ ಪ್ರಮೇಯ

ಮಲೆನಾಡಿನ ಸರ್ಕಾರಿ ಶಾಲೆಯಲ್ಲಿ ದಿನಕ್ಕೊಮ್ಮೆಯಾದರೂ ಒಳ್ಳೆಯ ಗಣಿತ ನಡೆದೇ ನಡೆಯುತ್ತದೆ. ನಡೆಯುವ ಜಾಗ ಮಾತ್ರ ಬಿಸಿಯೂಟದ ಕೋಣೆಯ ಬಾಗಿಲು. ಐದನೇ ತರಗತಿವರೆಗಿನ ಮಗುವಿಗೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ; ಆರರಿಂದ ಮೇಲಿನವರಿಗೆ 150 ಗ್ರಾಂ ಅಕ್ಕಿ, 30 ಗ್ರಾಂ ಬೇಳೆ. ಕೆಳಗಿನ ತರಗತಿಗಳಲ್ಲಿ 14, ಮೇಲೆ 9 ಮಕ್ಕಳು ಬಂದಿದ್ದರೆ ಅಕ್ಕಿ ಎರಡೂ ಮುಕ್ಕಾಲು ಕಿಲೋ, ಬೇಳೆ 550 ಗ್ರಾಂ. ಮುಖ್ಯ ಶಿಕ್ಷಕರು ಇದನ್ನು ಅರೆಗಳಿಗೆಯಲ್ಲಿ ಬಾಯಲ್ಲೇ ಕೂಡಿಸುತ್ತಾರೆ, ಅಡುಗೆಯವರಿಗೆ ಅಳೆದು ಕೊಡುತ್ತಾರೆ, ಪುಸ್ತಕದಲ್ಲಿ ಬರೆದು ಬೀರುವಿನಲ್ಲಿಡುತ್ತಾರೆ. ಆಮೇಲೆ ಏಳನೇ ತರಗತಿಗೆ ಹೋಗಿ ಬೋರ್ಡಿನ ಮೇಲೆ ‘ಅನುಪಾತ’ ಎಂದು ಬರೆಯುತ್ತಾರೆ.

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಸರ್ಕಾರಿ ಶಾಲೆಗಳಲ್ಲಿ ಗಣಿತದ ಕಲಿಕೆಯನ್ನು ಒರೆಗೆ ಹಚ್ಚಲು ಬೀರು ಸೇರಿದ ಆ ಲೆಕ್ಕವೇ ಸಾಕು. ನೂರಕ್ಕೆ ಇಪ್ಪತ್ತು, ನೂರೈವತ್ತಕ್ಕೆ ಮೂವತ್ತು: ತಟ್ಟೆ ದೊಡ್ಡದಾದರೂ ಐದಕ್ಕೊಂದು ಎಂಬ ಸಂಬಂಧ ಕದಲುವುದಿಲ್ಲ. ಇಷ್ಟನ್ನು ಮನಗಾಣಲು ಒಂದು ಮಗುವಿಗೆ ಶಾಲೆಯಲ್ಲಿ ಹತ್ತು ವರ್ಷ ಸಿಗುತ್ತದೆ. ಆ ಹತ್ತು ವರ್ಷಕ್ಕೆ ನಾವು ಕೊಟ್ಟಿರುವುದು ಮೂರು: ಮೊದಲಿಗೆ ಕಾರ್ಡು, ನಡುವೆ ಕಿಟ್ಟು, ಕೊನೆಗೆ ಪ್ಯಾಕೇಜು.

ಕಾರ್ಡು ಎಂದರೆ ನಲಿ-ಕಲಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಋಷಿವ್ಯಾಲಿಯ ಹಳ್ಳಿಶಾಲೆಗಳನ್ನು ನೋಡಿಬಂದ ಶಿಕ್ಷಕರು ಕಟ್ಟಿದ ಪದ್ಧತಿ ಇದು. 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. ಒಂದರಿಂದ ಮೂರರವರೆಗಿನ ಮಕ್ಕಳು ಒಟ್ಟಿಗೆ ಕೂತು, ಕಲಿಕಾ ಏಣಿಯ ಮೆಟ್ಟಿಲನ್ನು ತಮ್ಮ ತಮ್ಮ ವೇಗದಲ್ಲಿ ಹತ್ತುತ್ತಾರೆ. ಮನೆಗೊಂದು ತೋಟ, ತೋಟಕ್ಕೊಂದು ಮನೆ ಎಂಬಂತೆ ಊರು ಚದುರಿಹೋಗಿರುವ, ಶಾಲೆಗೆ ಹದಿನೈದು-ಇಪ್ಪತ್ತು ಮಕ್ಕಳೂ ಕೂಡದ ನಮ್ಮ ಕಡೆಗೆ ಅಳತೆ ಕೊಟ್ಟು ಹೊಲಿಸಿದಂತಿದೆ. ಹಳ್ಳ ತುಂಬಿ ನಾಲ್ಕು ದಿನ ಬರದಿದ್ದ ಮಗು ಐದನೇ ದಿನ ತಾನು ಬಿಟ್ಟ ಮೆಟ್ಟಿಲಿಂದಲೇ ಹತ್ತಬಹುದು. ಬೇರಾವ ಪದ್ಧತಿಯೂ ಮಲೆನಾಡಿನ ಮಳೆಯನ್ನು ಇಷ್ಟು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಆದರೆ ಏಣಿಗೆ ಕಾಣುವುದು ಉತ್ತರ ಮಾತ್ರ. ಎಂಟಕ್ಕೆ ಏಳು ಕೂಡಿಸುವಾಗ ಒಂದು ಮಗು ಬೆರಳೆಣಿಸುತ್ತದೆ. ಇನ್ನೊಂದು ಏಳರಿಂದ ಎರಡನ್ನು ಕಿತ್ತು ಎಂಟಕ್ಕೆ ಕೊಟ್ಟು ಹತ್ತು ಮಾಡಿ ಐದು ಸೇರಿಸುತ್ತದೆ. ಎರಡೂ ಹದಿನೈದೇ, ಕಾರ್ಡಿನಲ್ಲಿ ಇಬ್ಬರಿಗೂ ಅದೇ ಗುರುತು. ಮುಂದಿನ ಗಣಿತವೆಲ್ಲ ಎರಡನೇ ಮಗುವಿನ ದಾರಿಯಲ್ಲಿದೆ ಎಂಬುದನ್ನು ಕಾರ್ಡು ಹೇಳದು. ‘ಹೇಗೆ ಬಂತು ಹೇಳು’ ಎಂದು ಪಕ್ಕದಲ್ಲಿ ಕೂತು ಕೇಳುವ ಶಿಕ್ಷಕರು ಬೇಕು. ಅವರೋ ಇದ್ದೊಬ್ಬರೇ. ನಾಲ್ಕನೇ ತರಗತಿಯ ಹೊತ್ತಿಗೆ ಏಣಿಯನ್ನು ತೆಗೆದು ಪಠ್ಯಪುಸ್ತಕ ಕೈಗಿಡುತ್ತೇವೆ.

ಅಲ್ಲಿ ಎದುರಾಗುವುದು ಕಿಟ್ಟು. ಅಕ್ಷರ ಫೌಂಡೇಶನ್ ರೂಪಿಸಿ, ಸರ್ಕಾರ ಕೈಜೋಡಿಸಿದ ‘ಗಣಿತ ಕಲಿಕಾ ಆಂದೋಲನ’ದ ಪೆಟ್ಟಿಗೆಯಲ್ಲಿ ಮಣಿಕಟ್ಟು, ಸ್ಥಾನಬೆಲೆಯ ಪಟ್ಟಿ, ಆಟದ ನೋಟು, ತಕ್ಕಡಿ, ಭಿನ್ನರಾಶಿಯ ಪಟ್ಟಿಗಳಿವೆ. ನನ್ನ ಪ್ರಕಾರ ಪೆಟ್ಟಿಗೆಯ ಚಿನ್ನ ಆ ಭಿನ್ನರಾಶಿ ಪಟ್ಟಿಗಳೇ. ಮೂರಕ್ಕಿಂತ ನಾಲ್ಕು ದೊಡ್ಡದು, ಹಾಗಾಗಿ ಮೂರನೇ ಒಂದಕ್ಕಿಂತ ನಾಲ್ಕನೇ ಒಂದು ದೊಡ್ಡದು ಎಂದು ನಂಬಿದ ಮಗು, ಎರಡು ಪಟ್ಟಿಗಳನ್ನು ಒಂದರ ಮೇಲೊಂದಿಟ್ಟ ಕ್ಷಣ ತನ್ನ ತಪ್ಪನ್ನು ತಾನೇ ಕಾಣುತ್ತದೆ. ಅರವತ್ತು ಮಕ್ಕಳ ತರಗತಿಯಲ್ಲಿ ಪಟ್ಟಿ ಕೈಗೆ ಸಿಗುವುದೇ ಕಷ್ಟ. ಆರು ಮಕ್ಕಳ ತರಗತಿಯಲ್ಲಿ ಎಲ್ಲರ ಕೈಗೂ ಬರುತ್ತದೆ. ಸಣ್ಣ ಶಾಲೆ ಎಂದು ನಾವು ಹಲುಬುವುದರ ಒಳಗೇ ಈ ಲಾಭವಿದೆ.

ಪೆಟ್ಟಿಗೆ ಸೋಲುವುದು ಎರಡು ಕಡೆ. ದಾಸ್ತಾನು ಪುಸ್ತಕದಲ್ಲಿ ಅದರ ಹೆಸರು ಬಿದ್ದಿದೆ. ಒಂದು ಪಟ್ಟಿ ಕಳೆದರೂ ಉತ್ತರ ಕೊಡಬೇಕಾದವರು ಶಿಕ್ಷಕರು. ಹೀಗಾಗಿ ತಪಾಸಣೆಯ ದಿನ ಹೊರಬಂದು ಉಳಿದ ದಿನ ಥಂಡಿ ಹಿಡಿಯುತ್ತ ಕೂರುವ ಪೆಟ್ಟಿಗೆಗಳೂ ಇವೆ. ಎರಡನೆಯದು ಇದಕ್ಕಿಂತ ದೊಡ್ಡ ಸೋಲು: ಪಟ್ಟಿಯಿಂದ ಬರಹಕ್ಕೆ ದಾಟಿಸುವ ಕಾಲುಸಂಕ ಗಟ್ಟಿಯಿಲ್ಲ. ಕೈಯಲ್ಲಿ ಹಿಡಿದು ಸರಿಯಾಗಿ ಹೇಳಿದ ಮಗುವಿಗೆ ‘ಅದನ್ನೇ ನಿನ್ನ ಮಾತಿನಲ್ಲಿ ಬರೆ’ ಎಂದು ಹೇಳುವ ಗಳಿಗೆ ಬರುವುದೇ ಇಲ್ಲ. ಗ್ರಾಮ ಪಂಚಾಯಿತಿ ಮಟ್ಟದ ಗಣಿತ ಸ್ಪರ್ಧೆಗಳು ಅಪ್ಪ-ಅಮ್ಮಂದಿರನ್ನು ಶಾಲೆಯ ಅಂಗಳಕ್ಕೆ ಕರೆತಂದವು, ನಿಜ. ಆದರೆ ಅಲ್ಲಿ ಗೆಲ್ಲುವುದೂ ಉತ್ತರವೇ.

ಆರರಿಂದ ಎಂಟರವರೆಗೆ ಕಾರ್ಡೂ ಇಲ್ಲ, ಕಿಟ್ಟೂ ದೂರ. ಮಕ್ಕಳು ಗಣಿತವನ್ನು ಕಳೆದುಕೊಳ್ಳುವುದು ಬಹುಪಾಲು ಇಲ್ಲೇ. ಜುಲೈ ತಿಂಗಳಲ್ಲಿ ಮಳೆ ರಜೆ ಪಾಠವನ್ನು ತುಂಡರಿಸುತ್ತದೆ. ಸಮಾಜದಲ್ಲಿ ಒಂದು ಅಧ್ಯಾಯ ತಪ್ಪಿದರೆ ಮುಂದಿನದನ್ನು ಓದಿಕೊಳ್ಳಬಹುದು. ಭಿನ್ನರಾಶಿಯ ಭಾಗಾಕಾರ ತಪ್ಪಿದರೆ ಅದರ ಮೇಲೆ ನಿಂತದ್ದೆಲ್ಲ ಓಲಾಡುತ್ತದೆ. ಜೊತೆಗೆ ಮಾತು ಬದಲಾಗುತ್ತದೆ. ಮನೆಯಲ್ಲಿ ಕಾಲು, ಅರೆ, ಮುಕ್ಕಾಲು, ಪಾಲು ಎಂದು ಬೆಳೆದ ಮಗುವಿನ ಮೇಲೆ ಅಂಶ, ಛೇದ, ವಿಷಮ ಭಿನ್ನರಾಶಿ, ಲ.ಸಾ.ಅ. ಒಟ್ಟಿಗೆ ಬಂದು ಬೀಳುತ್ತವೆ. ‘ಭಾಗಲಬ್ಧ’ ಎಂಬ ಮಾತನ್ನೇ ನೋಡಿ. ಕೆಳಗಿನ ತರಗತಿಯಲ್ಲಿ ಭಾಗಿಸಿದಾಗ ಬಂದದ್ದು ಭಾಗಲಬ್ಧ. ಮೇಲೆ ಬಂದರೆ ‘ಭಾಗಲಬ್ಧ ಸಂಖ್ಯೆಗಳು’ ಎಂಬ ಇಡೀ ಅಧ್ಯಾಯ. ಎರಡು ಪೂರ್ಣಾಂಕಗಳಲ್ಲಿ ಒಂದನ್ನು ಸೊನ್ನೆಯಲ್ಲದ ಇನ್ನೊಂದರಿಂದ ಭಾಗಿಸಿ ಪಡೆಯಬಹುದಾದ್ದರಿಂದಲೇ ಆ ಸಂಖ್ಯೆಗೆ ಆ ಹೆಸರು. ಕನ್ನಡದ ಈ ಪದ ತನ್ನ ಅರ್ಥವನ್ನು ತಾನೇ ಬಿಡಿಸಿ ಹೇಳುತ್ತಿದೆ. ಅದನ್ನು ಎತ್ತಿ ತೋರಿಸಲು ಎರಡು ನಿಮಿಷ ಸಾಕು. ಆ ಎರಡು ನಿಮಿಷ ಯಾವ ಪಾಠಯೋಜನೆಯಲ್ಲೂ ಸಿಗುವುದಿಲ್ಲ.

ಮನೆಯ ಲೆಕ್ಕವನ್ನು ಹೊಗಳುತ್ತ ಶಾಲೆಯನ್ನು ಹಳಿಯುವುದು ನನಗೆ ಒಪ್ಪಿಗೆಯಿಲ್ಲ. ಅಡಿಕೆ ಸಸಿಗೆ ಸಸಿಗೆ ಒಂಬತ್ತು ಅಡಿ ಬಿಟ್ಟರೆ ಎಕರೆಗೆ ಐನೂರ ಮೂವತ್ತು ಚಿಲ್ಲರೆ ಎಂದು ತೋಟದವರು ಥಟ್ಟನೆ ಹೇಳುತ್ತಾರೆ. ಎಂಟು ಅಡಿ ಬಿಟ್ಟರೆ ಎಷ್ಟು ಎಂದು ಕೇಳಿ. ಬಾಯಿಪಾಠದ ಲೆಕ್ಕ ಅಲ್ಲಿಗೆ ನಿಲ್ಲುತ್ತದೆ. ಎಕರೆಗೆ 43,560 ಚದರಡಿ, ಒಂದು ಮರಕ್ಕೆ ಮೊದಲು 81, ಈಗ 64. ಅಂತರ ಒಂದೇ ಅಡಿ ಇಳಿದರೆ ಮರ ಸುಮಾರು 140 ಏಕೆ ಏರುತ್ತದೆ ಎಂದು ಬಿಡಿಸಿ ತೋರಿಸುವುದು ಶಾಲೆಯ ಕೆಲಸ. ಮನೆಗೆ ಗೊತ್ತಿರುವುದರ ಹಿಂದಿನ ‘ಏಕೆ’ಯನ್ನು ಕೊಡದಿದ್ದರೆ ಶಾಲೆಗೆ ಬಂದು ಆದ ಲಾಭವೇನು?

ಎಸ್ಸೆಸ್ಸೆಲ್ಸಿಯಲ್ಲಿ ಆ ‘ಏಕೆ’ಗೆ ಪುರುಸೊತ್ತೇ ಇಲ್ಲ. ಅಲ್ಲಿ ನಡೆಯುವುದು ‘ಪಾಸಿಂಗ್ ಪ್ಯಾಕೇಜ್’: ಒಂದು ನಕ್ಷೆ, ಸರಾಸರಿ-ಮಧ್ಯಾಂಕ-ಬಹುಲಕ, ಒಂದು ಪ್ರಮೇಯ, ಇಷ್ಟನ್ನು ಉರುಹೊಡೆದರೆ ದಡ ಸೇರಬಹುದು. ಆ ಪ್ರಮೇಯ ಬಹಳ ಸಲ ಥೇಲ್ಸನದು. ತ್ರಿಭುಜದ ಒಂದು ಬಾಹುವಿಗೆ ಸಮಾಂತರವಾಗಿ ಗೆರೆ ಎಳೆದರೆ ಉಳಿದೆರಡು ಬಾಹುಗಳೂ ಒಂದೇ ಅನುಪಾತದಲ್ಲಿ ತುಂಡಾಗುತ್ತವೆ. ದತ್ತ, ಸಾಧನೀಯ, ರಚನೆ, ಸಾಧನೆ ಎಂದು ಒಂದಕ್ಷರ ತಪ್ಪದೆ ಬರೆಯುವ ಹುಡುಗ, ಮೂರನೇ ಒಂದು ದೊಡ್ಡದೋ ನಾಲ್ಕನೇ ಒಂದು ದೊಡ್ಡದೋ ಎಂದರೆ ತಡವರಿಸುತ್ತಾನೆ. ಅನುಪಾತ ಗೊತ್ತಿಲ್ಲದವನ ಕೈಯಲ್ಲಿ ಅನುಪಾತದ ಪ್ರಮೇಯ! ಪ್ಯಾಕೇಜು ಮಾಡಿದ ಶಿಕ್ಷಕರನ್ನು ನಾನು ದೂರುವುದಿಲ್ಲ. ಏಳು ವರ್ಷದ ಬಾಕಿಯನ್ನು ಮೂರು ತಿಂಗಳಲ್ಲಿ ತೀರಿಸು ಎಂದರೆ ಯಾರಾದರೂ ಅದನ್ನೇ ಮಾಡುತ್ತಾರೆ. ಅದನ್ನು ಕಲಿಕೆ ಎಂದು ಕರೆಯುವುದಕ್ಕೆ ನನ್ನ ತಕರಾರು.

ಫಲಿತಾಂಶದ ಪಟ್ಟಿ ಈ ತಕರಾರನ್ನು ಮುಚ್ಚಿಬಿಡುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಶಿವಮೊಗ್ಗ ಜಿಲ್ಲೆ 2024ರಲ್ಲಿ ರಾಜ್ಯಕ್ಕೆ ಮೂರನೆಯದು, 2025ರಲ್ಲಿ ನಾಲ್ಕನೆಯದು. ಹೆಮ್ಮೆಪಡೋಣ. ಆದರೆ 2024ರಲ್ಲಿ ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂದದ್ದೇ ತಡ, ರಾಜ್ಯದ ಫಲಿತಾಂಶ ಹಿಂದಿನ ವರ್ಷದ 83.89ರಿಂದ 73.40ಕ್ಕೆ ಇಳಿಯಿತು, ಅದೂ ಹೆಚ್ಚುವರಿ ಕೃಪಾಂಕ ಕೊಟ್ಟ ಮೇಲೆ. ತೇರ್ಗಡೆಯ ಅಂಕೆ ಎಷ್ಟು ಸಡಿಲ ನೆಲದ ಮೇಲೆ ನಿಂತಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಈ ಮೂರು ತಾಲ್ಲೂಕುಗಳಿಗೆ ಅಳೆದು ನೋಡುವುದು ಹೊಸದಲ್ಲ. ಕೆಳದಿ, ಇಕ್ಕೇರಿ ಸಾಗರದಲ್ಲಿವೆ, ಬಿದನೂರು ಹೊಸನಗರದಲ್ಲಿ, ಕವಲೇದುರ್ಗ ತೀರ್ಥಹಳ್ಳಿಯಲ್ಲಿ. ಹದಿನೇಳನೇ ಶತಮಾನದಲ್ಲಿ ಶಿವಪ್ಪ ನಾಯಕ ಇಲ್ಲಿನ ಭೂಮಿಯನ್ನು ದರ್ಜೆಗಳಾಗಿ ವಿಂಗಡಿಸಿ, ವರ್ಷಗಟ್ಟಲೆ ಬೆಳೆಯ ಲೆಕ್ಕವಿಡಿಸಿ, ಸರಾಸರಿಯ ಮೇಲೆ ಕಂದಾಯ ಕಟ್ಟಿದ. ಅದಕ್ಕೆ ‘ಶಿಸ್ತು’ ಎಂದು ಹೆಸರು. ಇಂದು ಅದೇ ನೆಲದ ಮಕ್ಕಳು ಸರಾಸರಿಯ ಸೂತ್ರ ಕಲಿಯುತ್ತಾರೆ, ಯಾವುದನ್ನೂ ಅಳೆಯದೆ. ಶಿಸ್ತು ಎಂದರೆ ಅವರಿಗೆ ಕೈಕಟ್ಟಿ ಕೂರುವುದು.

ಹೊಸ ಯೋಜನೆಯನ್ನೇನೂ ನಾನು ಕೇಳುತ್ತಿಲ್ಲ. ಬಿಸಿಯೂಟದ ಪುಸ್ತಕವನ್ನು ಬೀರುವಿನಿಂದ ತೆಗೆದು ಏಳನೇ ತರಗತಿಯ ಮುಂದಿಡಲಿ. ಲೆಕ್ಕ ಮಕ್ಕಳದು, ಸಹಿ ಶಿಕ್ಷಕರದು. ಭಿನ್ನರಾಶಿಯ ಪಟ್ಟಿಗಳು ಪ್ರೌಢಶಾಲೆಗೂ ಬರಲಿ, ದಾಸ್ತಾನು ಪುಸ್ತಕದಲ್ಲಿ ಸವಕಳಿಗೆ ಒಂದು ಕಾಲಂ ಇರಲಿ. ಹತ್ತನೇ ತರಗತಿಯ ಪ್ರಶ್ನೆಪತ್ರಿಕೆಯಲ್ಲಿ ಎರಡು ಅಂಕವಾದರೂ ‘ಹೇಗೆ ಬಂತು’ ಎಂಬುದಕ್ಕೆ ಮೀಸಲಾಗಲಿ. ಹಳ್ಳ ತುಂಬಿದ ದಿನ ಕೆಳಗಿನ ತರಗತಿಯಲ್ಲಿ 14ರ ಬದಲು ಒಂಬತ್ತೇ ಮಕ್ಕಳು ಬಂದಾರು. ಆಗ ಅಕ್ಕಿಯೂ ಇಳಿಯುತ್ತದೆ, ಬೇಳೆಯೂ ಇಳಿಯುತ್ತದೆ, ಐದಕ್ಕೊಂದು ಹಾಗೇ ಇರುತ್ತದೆ. ತಾನೇ ತೂಗಿ ಅದನ್ನು ಕಂಡುಕೊಂಡ ಹುಡುಗಿಗೆ ಮೂರು ವರ್ಷದ ಮೇಲೆ ಥೇಲ್ಸ್‌ನ ತ್ರಿಭುಜ ಎದುರಾದಾಗ, ಪರಿಚಯ ಮಾಡಿಸಿಕೊಡಬೇಕಾದ್ದು ಗೆರೆಗಳನ್ನು ಮಾತ್ರ.