ವೀಡಿಯೋ ವರದಿಯ ಸಲ್ಲಿಕೆ: ಒಂದು ವಿಮರ್ಶೆ

ಇತಿಹಾಸದ ವಿದ್ಯಾರ್ಥಿಯು ಕ್ಷೇತ್ರಕಾರ್ಯದ ವರದಿಯನ್ನು ವೀಡಿಯೋ ರೂಪದಲ್ಲಿ ಸಿದ್ಧಪಡಿಸಿ, ಮೂಡಲ್‌ನಂತಹ ಆನ್‌ಲೈನ್ ವ್ಯವಸ್ಥೆಯ ಮೂಲಕ ಒಪ್ಪಿಸುವ ಪದ್ಧತಿಯು 2020ರ ಲಾಕ್‌ಡೌನಿನ ತರುವಾಯ ನಮ್ಮಲ್ಲಿಯೂ ಬಳಕೆಗೆ ಬಂದಿದೆ. ಇದರ ಪ್ರಯೋಜನವನ್ನು ಅಲ್ಲಗಳೆಯಲಾಗದು. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನವು ಬಂಡೆಯ ಮೇಲೆ ಎಲ್ಲಿದೆ, ಅದರ ಸುತ್ತಣ ನೆಲ ಎಂತಹದು ಎಂಬುದನ್ನು ಬರಹಕ್ಕಿಂತ ಚಿತ್ರವೇ ಚೆನ್ನಾಗಿ ತಿಳಿಸೀತು.

ಆದರೆ ಸಲ್ಲಿಕೆಯ ಕ್ರಮದಲ್ಲಿ ಎರಡು ದೋಷಗಳು ಕಂಡುಬರುತ್ತವೆ. ಮೊದಲನೆಯದು ಗಾತ್ರದ ಮಿತಿ. ಮೂಡಲ್‌ಗೆ ತಳಹದಿಯಾದ ಪಿಎಚ್‌ಪಿ ತಂತ್ರಾಂಶವು, ನಿರ್ವಾಹಕರು ಬದಲಿಸದ ಹೊರತು, 2 ಮೆಗಾಬೈಟನ್ನು ಮೀರಿದ ಕಡತವನ್ನು ಸ್ವೀಕರಿಸದು. ಮಿತಿಗೆ ಹೊಂದಿಸಲೆಂದು ವೀಡಿಯೋವನ್ನು ಕುಗ್ಗಿಸಿದರೆ ಶಾಸನದ ಅಕ್ಷರಗಳೇ ಮಸುಕಾಗಿ, ವಿದ್ಯಾರ್ಥಿಯ ದನಿ ಮಾತ್ರ ಉಳಿಯುತ್ತದೆ. ಯೂಟ್ಯೂಬಿಗೆ ಏರಿಸಿ ಕೊಂಡಿಯನ್ನಷ್ಟೇ ಒಪ್ಪಿಸಿದರೆ, ಅದು ಆಧಾರವಲ್ಲ, ಆಧಾರದ ವಿಳಾಸ. ಏರಿಸಿದವನು ಅಳಿಸಿದ ದಿನ ಪರೀಕ್ಷಕನ ಕೈ ಬರಿದು.

ಎರಡನೆಯದು ಕಾಲದ ಲೆಕ್ಕ. ವ್ಯವಸ್ಥೆಯು ದಾಖಲಿಸುವುದು ಸಲ್ಲಿಕೆಯಾದ ಗಳಿಗೆಯನ್ನು, ಕೆಲಸ ಮುಗಿದ ಗಳಿಗೆಯನ್ನಲ್ಲ. ಪ್ರತಿಯೊಂದು ಆಧಾರವನ್ನೂ ಬಾಹ್ಯ ಹಾಗೂ ಅಂತರಂಗ ವಿಮರ್ಶೆಗೆ ಒಡ್ಡಬೇಕೆಂದು ಬೋಧಿಸುವ ನಾವೇ 'ತಡ' ಎಂಬ ಒಂದು ಗುರುತನ್ನು ನಂಬಿ ಅಂಕ ಕಳೆದರೆ, ಅಳೆದದ್ದು ಹಳ್ಳಿಯ ನೆಟ್‌ವರ್ಕನ್ನೇ ಹೊರತು ವಿದ್ಯೆಯನ್ನಲ್ಲ.

ಪರಿಹಾರವು ಕಷ್ಟಸಾಧ್ಯವೇನಲ್ಲ. ಮೂಡಲ್‌ನಲ್ಲಿ ಗಡುವಿನ ದಿನವನ್ನೂ ಸ್ವೀಕಾರ ನಿಲ್ಲುವ ದಿನವನ್ನೂ ಬೇರೆ ಬೇರೆಯಾಗಿ ಗೊತ್ತುಪಡಿಸಬಹುದು. ಇವೆರಡರ ನಡುವೆ ಕೆಲವು ದಿನಗಳ ಅಂತರವಿರಬೇಕು. ವೀಡಿಯೋದೊಡನೆ ಶಾಸನಪಾಠವನ್ನೂ ಸ್ಥಿರಚಿತ್ರಗಳನ್ನೂ ಪ್ರತ್ಯೇಕ ಕಡತಗಳಾಗಿ ಪಡೆಯಬೇಕು. ಮೂಲಪ್ರತಿಯನ್ನು ಪೆನ್‌ಡ್ರೈವಿನಲ್ಲಿ ತರಿಸಿ ವಿಭಾಗದಲ್ಲಿ ಉಳಿಸಿಕೊಳ್ಳಬೇಕು. ಇಷ್ಟನ್ನು ಮಾಡದೆ ಈ ಪದ್ಧತಿಯಿಂದ ಅಂಕಗಳನ್ನು ನಿರ್ಧರಿಸುವುದು ಉಚಿತವೆನಿಸದು.